ಸೇಟು ತಿನ್ನಬಾರದ್ದು

ಬರೆಯೋಣ ಅಂತ ಕೂತೆ, ಮೊದಲ ಸಾಲು ಮುಗಿಯುವ ಮುಂಚೆಯೇ ಮತ್ತೆ ಎದ್ದೆ. ಬೆಳಗಿನಿಂದ ಇದೇ ಆಗಿದೆ. ಒಂದು ಸಲ ಹಾಲು ಉಕ್ಕಿತು ಅಂತ ಅತ್ತೆ ಕರೆದರು, ಇನ್ನೊಂದು ಸಲ ಗ್ಯಾಸಿನವನು ಬಂದ. ಈಗ ಅಂಗಳದಿಂದ ಮಗಳ ಕೂಗು: "ಅಮ್ಮಾ, ಸೇಟು ಬಾಯಲ್ಲಿ ಏನೋ ಐತೆ! ಓಡಿ ಬಾ!"

ಓಡಿದೆ. ದವಡೆ ಬಿಡಿಸಿ, ಬೆರಳು ಹಾಕಿ ತೆಗೆದು ನೋಡಿದರೆ ನನ್ನದೇ ಬಾಚಣಿಗೆ. ಸದ್ಯ, ವಿಷವಲ್ಲವಲ್ಲ ಅಂತ ತೊಳೆದು, ಅದರಲ್ಲೇ ತಲೆ ಬಾಚಿಕೊಂಡು ಬಂದು ಕೂತಿದ್ದೇನೆ. ಹೆತ್ತ ಮಗಳ ಬಾಯಿಗೂ ನಾನು ಇಷ್ಟು ಸಲ ಬೆರಳು ಹಾಕಿಲ್ಲ. ನಾಯಿ ಸಾಕಿದ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಮ್ಮಲ್ಲಿ ಸ್ವಲ್ಪ ಜಾಸ್ತಿ, ಯಾಕೆಂದರೆ ನಮ್ಮದು ಈ ಊರಿನ ನಾಯಿಯಲ್ಲ.

ನಮ್ಮ ಮನೆಯವರು ಲಾರಿ ಓಡಿಸುತ್ತಾರೆ. ತಿಪಟೂರಿನಲ್ಲಿ ಕೊಬ್ಬರಿ ತುಂಬಿಕೊಂಡು ಡೆಲ್ಲಿ ಕಡೆ ಹೊರಟರೆ, ಅಲ್ಲಿ ಇಳಿಸಿ, ವಾಪಸ್ ಲೋಡು ಸಿಗುವ ತನಕ ಕಾದು, ದಂಡಿನಶಿವರ ದಾಟಿ ನಮ್ಮೂರ ದಾರಿ ಹಿಡಿಯುವ ಹೊತ್ತಿಗೆ ಮನೆಯ ಕ್ಯಾಲೆಂಡರಿನಲ್ಲಿ ಹಾಳೆ ಬದಲಾಗಿರುತ್ತದೆ. ಒಂದು ಸಲ ನಾಗಪುರದ ಆಚೆ ಯಾವುದೋ ಡಾಬಾದ ಹತ್ತಿರ ಒಂದು ಮರಿ ಕ್ಯಾಬಿನ್ ಹತ್ತಿ ಕೂತಿತಂತೆ. ಇಳಿಸಿದರೂ ಇಳಿಯಲಿಲ್ಲವಂತೆ. ಗಾದಿಯ ಮೇಲೆ ದಿಂಬಿಗೆ ಒರಗಿದ ವ್ಯಾಪಾರಿಯ ಹಾಗೆ ಕೂತಿತ್ತು ಅಂತ ಸೇಟು ಅಂತ ಹೆಸರಿಟ್ಟು ಮನೆಗೆ ತಂದರು.

"ನಾನಿಲ್ದಾಗ ಇವನೇ ನಿಂಗೆ ಜೊತೆ ಕಣೇ" ಅಂದರು.

"ಜೊತೆಗೆ ಅಂತ ಮದುವೆ ಆಗಿದ್ದು ನಿಮ್ಮನ್ನ ಕಣ್ರೀ" ಅಂದೆ.

ನಕ್ಕು ಲಾರಿ ಹತ್ತಿದರು. ಅಂದಿನಿಂದ ಅವರು ಬರುವ ತನಕ ಈ ನಾಯಿಯ ಉಸಿರು ನನ್ನ ಜವಾಬ್ದಾರಿ. ಬಿಟ್ಟುಹೋದವರು ಬಂದಾಗ ಬಿಟ್ಟುಹೋದ ಹಾಗೇ ಇರಬೇಕು. ನಾನು ತೆಳ್ಳಗಾದರೆ ಅವರಿಗೆ ಗೊತ್ತಾಗುವುದಿಲ್ಲ, ಸೇಟು ತೆಳ್ಳಗಾದರೆ ಗೇಟಿನಲ್ಲೇ ಗೊತ್ತಾಗುತ್ತದೆ.

ಶನಿವಾರದ ಪಾತ್ರೆ

ಮೊದಮೊದಲು ನಾವು ತಿಂದಿದ್ದೇ ಅದಕ್ಕೂ ಹಾಕುತ್ತಿದ್ದೆವು. ಮುದ್ದೆ ಮುರಿದು, ಸಾರು ಕಲಸಿ, ಬಾಗಿಲ ಪಕ್ಕ ಇಟ್ಟರೆ ಆಯಿತು. ನನ್ನ ತವರು ಹುಳಿಯಾರಿನ ಕಡೆ. ಅಲ್ಲಿ ಕುರಿ ಮೇಕೆ ಏನು ತಿನ್ನಬಾರದು ಅನ್ನುವುದು ನಮ್ಮಪ್ಪನಿಗೆ ಬಾಯಿಪಾಠ. ಎಳೆ ಜೋಳದ ಚಿಗುರಿಗೆ ಬಾಯಿ ಹಾಕಿದರೆ ಮರಿ ಉಬ್ಬರಿಸಿ ಬಿದ್ದುಬಿಡುತ್ತೆ ಅಂತ ನಮ್ಮನ್ನು ಕೋಲು ಕೊಟ್ಟು ಕಾಯಲು ನಿಲ್ಲಿಸುತ್ತಿದ್ದರು. ನಾಯಿಯ ವಿಷಯ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಾಯಿ ಸತ್ತರೆ "ಏನೋ ತಿಂದಿತ್ತು" ಅನ್ನುತ್ತಿದ್ದರು. ಆ ಏನೋ ಅಂದರೆ ಏನು ಅಂತ ಯಾರೂ ಕೇಳಿದ್ದಿಲ್ಲ.

ಸೂಜಿ ಹಾಕಿಸಲು ಪಶು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರಮ್ಮ ಕೇಳಿದರು: "ಊಟಕ್ಕೆ ಏನು ಹಾಕ್ತೀರ?"

ಅತ್ತೆ ಹೆಮ್ಮೆಯಿಂದ ಹೇಳಿದರು: "ನಾವೇನು ತಿಂತೀವೋ ಅದೇ ಡಾಕ್ಟ್ರೇ. ಭೇದ ಮಾಡಲ್ಲ."

"ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡಮ್ಮ. ನಾಯಿಗೆ ಅದು ವಿಷ. ರಕ್ತ ಕೆಡುತ್ತೆ. ಬೇಯಿಸಿದರೂ ಹೋಗಲ್ಲ."

ಅತ್ತೆ ನಂಬಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ನಾಯಿಯ ಮುಖವನ್ನೇ ನೋಡುತ್ತಾ ಬಂದರು. "ಈರುಳ್ಳಿ ಬೆಳ್ಳುಳ್ಳಿ ಮುಟ್ಟದೇ ಇರಾಕೆ ಇದೇನು ಮಠ ಸೇರ್ಕಂಡೈತಾ?" ಅಂದರು. ಆದರೆ ಮಗನ ನಾಯಿ. ಏನಾದರೂ ಆದರೆ ಮಗನಿಗೆ ಉತ್ತರ ಹೇಳಬೇಕಾದವರಲ್ಲಿ ಅವರೂ ಒಬ್ಬರು. ಮಾರನೇ ದಿನದಿಂದ ಸೇಟುಗೆ ಬೇರೆ ಚಿಕ್ಕ ಪಾತ್ರೆ, ಬೇರೆ ಸೌಟು, ಬರೀ ಬೇಳೆ ಬೇಯಿಸಿದ ಕಟ್ಟು.

ನಮ್ಮ ಅತ್ತೆ ಶನಿವಾರ ಒಪ್ಪತ್ತು ಮಾಡುತ್ತಾರೆ. ಅವತ್ತು ಅವರೂ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಹೀಗಾಗಿ ಶನಿವಾರ ಅತ್ತೆಗೂ ಸೇಟುಗೂ ಒಂದೇ ಪಾತ್ರೆ. "ಈ ಮನೇಲಿ ನನ್ನ ಜೊತೆ ವ್ರತ ಮಾಡೋದು ಇದೊಂದೇ" ಅಂತ ನನಗೆ ಕೇಳುವ ಹಾಗೆ ಹೇಳುತ್ತಾರೆ.

ಬಾಣಂತಿಯ ಉಂಡೆ

ಪಕ್ಕದ ಮನೆಯ ಅಕ್ಕನ ಮಗಳು ಹೆರಿಗೆಗೆ ಬಂದಿದ್ದಳು. ಬಾಣಂತಿಗೆ ಅಂತ ಅಂಟಿನುಂಡೆ ಕಟ್ಟಿದಾಗ ನಮಗೂ ಒಂದು ಡಬ್ಬಿ ಕಳಿಸಿದರು. ನಮ್ಮ ಕಡೆಯ ಅಂಟಿನುಂಡೆ ಅಂದರೆ ಗೊತ್ತಲ್ಲ: ತುರಿದ ಕೊಬ್ಬರಿ, ಬೆಲ್ಲ, ತುಪ್ಪದಲ್ಲಿ ಹುರಿದ ಗೋಂದು, ಗೋಡಂಬಿ, ಮುಷ್ಟಿಗಟ್ಟಲೆ ಒಣದ್ರಾಕ್ಷಿ. ನಡು ಗಟ್ಟಿಯಾಗಲಿ ಅಂತ ಹೆಂಗಸರಿಗೆ ಕೊಡುವುದು.

ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ನಾನು ದನದ ಕೊಟ್ಟಿಗೆಯಿಂದ ಬರುವಷ್ಟರಲ್ಲಿ ಸೇಟು ಎಲ್ಲಾ ಉಂಡೆ ಮುಗಿಸಿ, ಡಬ್ಬಿಯೊಳಗೆ ತಲೆ ಇಟ್ಟುಕೊಂಡು ಕೂತಿತ್ತು.

"ತಿಂದ್ರೆ ತಿನ್ಲಿ ಬುಡು, ನಡು ಗಟ್ಟಿಯಾಗ್ತದೆ" ಅಂದರು ಅತ್ತೆ.

ನನಗೆ ಯಾಕೋ ಅನುಮಾನ ಬಂದು ಡಾಕ್ಟರಮ್ಮನಿಗೆ ಫೋನು ಮಾಡಿದೆ. ಕೊಬ್ಬರಿ ಅಂದೆ, "ಹೂಂ" ಅಂದರು. ಬೆಲ್ಲ ಅಂದೆ, "ಹೂಂ" ಅಂದರು. ಒಣದ್ರಾಕ್ಷಿ ಅಂದದ್ದೇ ತಡ, ಅವರ ದನಿಯೇ ಬದಲಾಯಿತು: "ಈಗಲೇ ಕರ್ಕೊಂಡು ಬನ್ನಿ. ದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತೆ. ಮನೇಲಿ ಉಪ್ಪುನೀರು ಅದೂ ಇದೂ ಕುಡಿಸಬೇಡಿ. ತಡ ಮಾಡಬೇಡಿ."

ಆಟೋದಲ್ಲಿ ನಾನು, ಅತ್ತೆ, ನಡುವೆ ಸೇಟು. ಅದು ಗಾಳಿಗೆ ಮುಖ ಒಡ್ಡಿಕೊಂಡು ಮದುವೆಗೆ ಹೊರಟ ಹಾಗೆ ಕೂತಿತ್ತು. ನನಗೆ ಮಾತ್ರ ನಮ್ಮ ಮನೆಯವರದೇ ಚಿಂತೆ. ಅವರು ರಾಜಸ್ಥಾನದಲ್ಲೋ ಎಲ್ಲೋ ಇದ್ದಾರೆ. ಫೋನು ಮಾಡಿ ಏನಂತ ಹೇಳಲಿ? ನಿಮ್ಮ ನಾಯಿ ಬಾಣಂತನದ ಉಂಡೆ ತಿಂದು ಹೋಯಿತು ಅಂತಲೇ?

ಡಾಕ್ಟರಮ್ಮ ಸೂಜಿ ಚುಚ್ಚಿ ವಾಂತಿ ಮಾಡಿಸಿದರು. ಉಂಡೆಗಳು ಹೆಚ್ಚು ಕಡಿಮೆ ಉಂಡೆಯಾಗಿಯೇ ಬಂದವು. ಅತ್ತೆಗೆ ಹೊಟ್ಟೆ ಉರಿದುಹೋಯಿತು. "ಅಷ್ಟೂ ಮನೆ ತುಪ್ಪ ಡಾಕ್ಟ್ರೇ" ಅಂದರು. ಗ್ಲೂಕೋಸ್ ಹಾಕಿದರು, ರಕ್ತ ತೆಗೆದರು, ಮತ್ತೆ ಬರಲು ಹೇಳಿದರು.

ವಿಷಯ ತಿಳಿಸಿದ ಮೇಲೆ, ಆ ನಾಲ್ಕಾರು ದಿನ ನಮ್ಮ ಮನೆಯವರಿಂದ ಬಂದಷ್ಟು ಫೋನು ನಮ್ಮ ಮದುವೆಯಾದ ಹೊಸತರಲ್ಲೂ ಬಂದಿಲ್ಲ. ಸಾಮಾನ್ಯವಾಗಿ ಫೋನಿನಲ್ಲಿ ಮೊದಲು ಸೇಟು ವಿಚಾರ, ಆಮೇಲೆ ಅವರಮ್ಮ, ಆಮೇಲೆ ಮಗಳು. ನನ್ನ ಕೈಗೆ ಬರುವ ಹೊತ್ತಿಗೆ "ಮತ್ತೆ?" ಅನ್ನುತ್ತಾರೆ, ನಾನು "ಮತ್ತೇನು" ಅನ್ನುತ್ತೇನೆ, ಹಿಂದಿನಿಂದ ಯಾರೋ ಹಾರ್ನ್ ಹೊಡೆಯುತ್ತಾರೆ. ಈಗ ಡೀಸೆಲ್ ಹಾಕಿಸುವಾಗ ಒಂದು ಫೋನು, ಟೋಲ್ ಹತ್ತಿರ ಒಂದು ಫೋನು. "ನೀರು ಕುಡೀತಾ? ಮೂತ್ರ ಮಾಡ್ತಾ? ನೀನು ಪಕ್ಕದಲ್ಲೇ ಇರು ಕಣೇ." ಗಂಡ ಇಷ್ಟು ಅಕ್ಕರೆಯಿಂದ ಮಾತಾಡುವುದಾದರೆ ಒಂದು ಡಬ್ಬಿ ಒಣದ್ರಾಕ್ಷಿ ನಾನೇ ತಿಂದುಬಿಡೋಣ ಅನ್ನಿಸಿತು.

ಸೇಟು ಉಳಿಯಿತು. ಅದನ್ನು ಕೇಳಿ ಪಕ್ಕದ ಮನೆಯ ಅಕ್ಕ ಓಡಿ ಬಂದರು. "ಹುಷಾರಾಯ್ತಲ್ಲ, ಸದ್ಯ" ಅಂತ ಎದೆ ಮುಟ್ಟಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಉಂಡೆ ಹದ ಬಂದಿತ್ತಾ? ಪಾಕ ಗಟ್ಟಿಯಾಯ್ತೇನೋ ಅಂತ ನಂಗೆ ಅನುಮಾನ."

"ತಿಂದವರು ಅಲ್ಲೇ ಮಲಗವ್ರೆ, ಕೇಳಿ ಅಕ್ಕ" ಅಂದೆ.

ಎಳನೀರು

ಇದು ಅದೇ ವಾರದ್ದು. "ನೀರು ಚೆನ್ನಾಗಿ ಕುಡಿಸಿ" ಅಂತ ಡಾಕ್ಟರಮ್ಮ ಹೇಳಿದ್ದರು, ಅಷ್ಟೇ. ಅತ್ತೆಗೆ ನೀರು ಅಂದರೆ ಎಳನೀರು ಅಂತ ಅನ್ನಿಸಿದೆ.

ಹೊರಗಿನವರು ತೆಂಗಿನ ತೋಟ ನೋಡಿ, "ನಿಮಗೇನಪ್ಪಾ, ದಿನಾ ಎಳನೀರು" ಅನ್ನುತ್ತಾರೆ. ನಮ್ಮ ಕಡೆಯವರ ಮನೆಯಲ್ಲಿ ಎಳನೀರು ಕೇಳಿ ನೋಡಬೇಕು! ಕಾಯಿ ಮರದಲ್ಲೇ ಬಲಿಯಬೇಕು, ಇಳಿಸಿ ಅಟ್ಟಕ್ಕೆ ಹಾಕಬೇಕು, ಹೊಟ್ಟೆಯೊಳಗಿನ ನೀರು ತಾನಾಗಿ ಬತ್ತಿ, ತಿರುಳು ಒಣಗಿ ಗಿಟುಕು ಕೊಬ್ಬರಿಯಾಗಿ ಲೊಡಲೊಡ ಅನ್ನುವ ತನಕ ವರ್ಷದ ಹತ್ತಿರ ಕಾಯಬೇಕು. ಎಳೆಗಾಯಿ ಕೀಳುವುದು ಅಂದರೆ ತೊಟ್ಟಿಲಲ್ಲಿರುವ ಕೂಸನ್ನು ಸಂತೆಗೆ ಕಳಿಸಿದ ಹಾಗೆ. ನನ್ನ ಬಾಣಂತನದಲ್ಲಿ ಜ್ವರ ಬಂದು ಬಾಯಿ ಒಣಗಿ, "ಅತ್ತೆ, ಒಂದು ಎಳನೀರು" ಅಂದಾಗ, "ಶೀತ ಆಗ್ತದೆ" ಅಂತ ಬಿಸಿನೀರು ಕೊಟ್ಟಿದ್ದರು. ಶೀತ ಮರದ ಮೇಲಿನದೋ ಮನಸ್ಸಿನದೋ ಅಂತ ನಾನು ಕೇಳಲಿಲ್ಲ.

ಅಂಥ ಅತ್ತೆ, ಅವತ್ತು ಬೆಳಿಗ್ಗೆ ಮರ ಹತ್ತುವವನನ್ನು ಕರೆಸಿ, ಬಾವಿ ಪಕ್ಕದ ಮರದಿಂದ ಒಂದು ಗೊನೆ ಎಳೆಗಾಯಿಯನ್ನೇ ಇಳಿಸಿಬಿಟ್ಟರು! ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

"ಏನಂಗೆ ನೋಡ್ತೀಯ? ನನ್ನ ಮಗ ಬುಟ್ಟೋಗಿರೋ ಜೀವ ಕಣೇ ಅದು" ಅಂದರು. ಅನ್ನುವಾಗ ಮುಖ ಆಚೆ ತಿರುಗಿಸಿಕೊಂಡರು. ನಾನು ಒಳಗೆ ಹೋಗಿ ಕಾಯಿ ಕೆತ್ತಲು ಮಚ್ಚು ತಂದುಕೊಟ್ಟೆ.

ಬಟ್ಟಲಿಗೆ ಸುರಿದು ಸೇಟು ಮುಂದೆ ಇಟ್ಟರು. ಅದು ಮೂಸಿತು. ಅತ್ತೆಯ ಮುಖ ನೋಡಿತು. ಎದ್ದು ಹೋಗಿ ದನ ನೀರು ಕುಡಿಯುವ ಬಾನಿಗೆ ಮುಖ ಹಾಕಿ ಲೊಚಲೊಚ ನೀರು ಕುಡಿಯಿತು. ಡಾಬಾದಲ್ಲಿ ಬೆಳೆದದ್ದಕ್ಕೆ ಕಲ್ಪವೃಕ್ಷ ಏನು ಗೊತ್ತು? ಮಧ್ಯಾಹ್ನ ಡಾಕ್ಟರಮ್ಮನೂ ಫೋನಿನಲ್ಲಿ, "ಎಳನೀರು ಬೇಡ, ಬರೀ ನೀರು ಸಾಕು" ಅಂದರು.

ಕಿತ್ತ ಕಾಯನ್ನು ಮರಕ್ಕೆ ವಾಪಸ್ ಕಟ್ಟಲು ಬರುವುದಿಲ್ಲವಲ್ಲ. ಎರಡು ದಿನ ಮನೆಯಲ್ಲಿ ನನಗೆ ಎಳನೀರೋ ಎಳನೀರು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಎಳನೀರು ಕುಡಿದದ್ದು ನಾಯಿ ಬೇಡ ಅಂದ ಮೇಲೆ.

ಬೇಲಿಗೆ ಬೇಲಿ

ನಮ್ಮ ಬಾಗಿಲ ಮುಂದೆ ಒಂದು ಕಣಗಲೆ ಗಿಡ ಇದೆ. ವರ್ಷವೆಲ್ಲಾ ಹೂವು. ಅತ್ತೆಯ ಪೂಜೆ ನಡೆಯುವುದೇ ಅದರಿಂದ. ಸೇಟು ಅದರ ಬುಡದಲ್ಲಿ ಮಲಗುವುದು ಕಂಡು ನನಗೆ ಭಯವಾಗಿ ಕೇಳಿದರೆ, ಡಾಕ್ಟರಮ್ಮ, "ಕಣಗಲೆ ಎಲೆ, ಹೂವು, ಕಡ್ಡಿ ಎಲ್ಲಾ ವಿಷ. ಹೃದಯಕ್ಕೆ ಹೊಡೆಯುತ್ತೆ" ಅಂದರು. ಆಸ್ಪತ್ರೆಯಿಂದ ಬಂದವಳೇ ಮಚ್ಚು ಹುಡುಕಿದೆ.

ಅತ್ತೆ ಅಡ್ಡ ನಿಂತರು. "ಶಿವನಿಗೆ ಏರ್ಸೋ ಹೂವು. ಶಿವನಿಗೇ ಆಗಿಬರ್ತದೆ, ಇದಕ್ಕೇನಂತೆ?"

"ಶಿವ ವಿಷ ಕುಡಿದು ಗಂಟಲಲ್ಲೇ ಇಟ್ಕಂಡ ಅತ್ತೆ. ಇದು ನುಂಗ್ತದೆ."

ರಾಜಿ ಆಯಿತು. ಗಿಡ ಕಡಿಯುವುದು ಬೇಡ, ಸುತ್ತ ಬೇಲಿ ಹಾಕುವುದು. ಊರಿನಲ್ಲಿ ಎಲ್ಲರೂ ಪ್ರಾಣಿಯಿಂದ ಗಿಡ ಉಳಿಸಲು ಬೇಲಿ ಹಾಕಿದರೆ, ನಾವು ಗಿಡದಿಂದ ಪ್ರಾಣಿ ಉಳಿಸಲು ಹಾಕಿದೆವು. ಅತ್ತೆಯೇ ತೋಟದಿಂದ ಕಳ್ಳಿ ಕಡಿದು ತಂದು ಒತ್ತಾಗಿ ನೆಟ್ಟರು. ನಾನು ಫೋಟೋ ತೆಗೆದು ಡಾಕ್ಟರಮ್ಮನಿಗೆ ವಾಟ್ಸಾಪ್ ಮಾಡಿದೆ, ಶಹಬ್ಬಾಸ್ ಅನ್ನಲಿ ಅಂತ.

ಮರುಗಳಿಗೆಗೆ ಫೋನು ಬಂತು. "ಬೇಲಿಗೆ ಹಾಕಿರೋದು ಕಳ್ಳಿ ಅಲ್ವಾ? ಅದರ ಹಾಲು ನಾಯಿಗೆ ಬಾಯಿ, ಕಣ್ಣು ಸುಡುತ್ತೆ ಕಣ್ರೀ!"

"ಹಂಗಾದ್ರೆ ಮರಹರಳು ನೆಡ್ಲಾ ಮೇಡಂ?"

"ಅದರ ಬೀಜ ಇನ್ನೂ ವಿಷ."

"ಎಕ್ಕ?"

"ಅದೂ ಬೇಡ."

ಆಗ ನನಗೆ ಹೊಳೆಯಿತು. ನಮ್ಮ ಕಡೆ ಬೇಲಿಗೆ ನೆಡುವುದೆಲ್ಲಾ ವಿಷದ ಗಿಡವೇ. ದನ ಮೇಕೆ ಬಾಯಿ ಹಾಕಬಾರದು ಅಂತಲೇ ಹಿರಿಯರು ಹುಡುಕಿ ಹುಡುಕಿ ನೆಟ್ಟಿದ್ದು. ಅದು ನಮ್ಮ ದನಕ್ಕೆ ಗೊತ್ತು, ನಮ್ಮ ಮೇಕೆಗೆ ಗೊತ್ತು. ತಂದೂರಿ ರೊಟ್ಟಿ ತಿಂದು ಬೆಳೆದ ಸೇಟುಗೆ ಯಾರು ಹೇಳಬೇಕಿತ್ತು?

"ಹಂಗಾದ್ರೆ ಏನ್ ಮಾಡೋದು ಮೇಡಂ?"

"ಗಿಡದ ಕೆಳಗೆ ಒಂದು ಎಲೆಯೂ ಬೀಳದ ಹಾಗೆ ಗುಡಿಸಿ. ಹೂವು ಬಿಡಿಸಿದ ತಕ್ಷಣ ಒಳಗೆ ಇಡಿ."

ಅತ್ತೆ ಕಳ್ಳಿ ಕಿತ್ತು ಹಾಕಿ, ಪೊರಕೆ ಹಿಡಿದರು. ಈಗ ದಿನಕ್ಕೆ ಮೂರು ಹೊತ್ತು ಅಂಗಳ ಗುಡಿಸುತ್ತಾರೆ. ಮದುವೆಯಾಗಿ ಇಷ್ಟು ವರ್ಷವಾಯಿತು, ನಮ್ಮತ್ತೆಯ ಕೈಯಲ್ಲಿ ನಾನು ಪೊರಕೆ ನೋಡಿದ್ದು ಅದೇ ಮೊದಲು. ಡಾಕ್ಟರಮ್ಮನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ದ್ರಾಕ್ಷಿ ತಂದ ನೆಂಟರು

ನನ್ನ ಮಗಳು ಎರಡನೇ ಕ್ಲಾಸು. ಮಗ್ಗಿ ಬರುವುದಿಲ್ಲ, ಸೇಟು ತಿನ್ನಬಾರದ್ದು ಮಾತ್ರ ಒಂದೇ ಉಸಿರಿಗೆ ಹೇಳುತ್ತಾಳೆ. ಚಾಕಲೇಟ್, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಕಾಫಿಪುಡಿ, ಬೂಷ್ಟು ಹಿಡಿದ ಕೊಬ್ಬರಿ. ಬಾಗಿಲಿಗೆ ಬಂದವರ ಕೈಚೀಲಕ್ಕೆ ಮೊದಲು ಇವಳ ಮೂಗು, ಆಮೇಲೆ ಸೇಟುವಿನದು.

ಒಂದು ಭಾನುವಾರ ಅತ್ತೆಯ ನಾದಿನಿ ಬಂದರು. ಅವರಿಗೂ ನಮ್ಮತ್ತೆಗೂ ಯಾವುದೋ ಕಾಲದ ಸೀರೆಯ ವಿಚಾರಕ್ಕೆ ಮಾತು ಅಷ್ಟಕ್ಕಷ್ಟೇ. ಆದರೂ ರೂಢಿಯಂತೆ ತಿಪಟೂರಿನ ಗಾಡಿಯಲ್ಲಿ ಒಳ್ಳೆಯ ಕಪ್ಪು ದ್ರಾಕ್ಷಿ ಆರಿಸಿ ತಂದಿದ್ದರು. ಚೀಲ ಬಿಚ್ಚಿದ್ದೇ ತಡ, ಮಗಳು ಊರಿಗೆಲ್ಲಾ ಕೇಳುವ ಹಾಗೆ ಕಿರುಚಿದಳು:

"ಅಜ್ಜೀ! ಇವ್ರು ವಿಷ ತಂದವ್ರೆ!"

ಬಂದವರ ಮುಖ ದ್ರಾಕ್ಷಿಗಿಂತ ಕಪ್ಪಾಯಿತು. ನಾನು ನಾಯಿ, ಕಿಡ್ನಿ, ಡಾಕ್ಟರು ಅಂತ ತಡವರಿಸುತ್ತಾ ಬಿಡಿಸಿ ಹೇಳಲು ಹೊರಟೆ. ಅತ್ತೆ ನನ್ನ ಕೈ ಅದುಮಿ ಸುಮ್ಮನಾಗಿಸಿದರು. ಅಡುಗೆಮನೆಗೆ ಎಳೆದುಕೊಂಡು ಬಂದು, ಪಿಸುದನಿಯಲ್ಲಿ ಅಂದರು:

"ಬುಡು. ಮಕ್ಕಳ ಬಾಯಲ್ಲಿ ದೇವರೇ ಮಾತಾಡ್ತಾನೆ."

ತೆಗೆದ ದೃಷ್ಟಿ

ಹಬ್ಬ ಮುಗಿದ ಮೇಲೆ ನಮ್ಮ ಮನೆಯವರು ಬಂದರು. ಹಬ್ಬಕ್ಕೇ ಬರುತ್ತೇನೆ ಅಂದಿದ್ದರು; ಲೋಡು ಸಿಗಲಿಲ್ಲ. ಅದಕ್ಕೆ ಅವರು ಬಂದ ದಿನವೇ ಹಬ್ಬ ಅಂದುಕೊಂಡು ಒಬ್ಬಟ್ಟು ಮಾಡಿದೆ, ಈರುಳ್ಳಿ ಬಜ್ಜಿ ಕರಿದೆ. ಉಣ್ಣಲು ಕೂತವರು ಅಭ್ಯಾಸಬಲದಿಂದ ಒಂದು ಬಜ್ಜಿ ಮುರಿದು ಸೇಟು ಕಡೆ ಎಸೆಯಲು ಕೈ ಎತ್ತಿದರು. ನಾನು, ಅತ್ತೆ, ಮಗಳು ಮೂವರೂ ಒಟ್ಟಿಗೆ "ಅಯ್ಯೋ!" ಅಂದೆವು. ಪಾಪ, ಎತ್ತಿದ ಕೈ ಎತ್ತಿದ ಹಾಗೇ ಇಟ್ಟುಕೊಂಡು ನಮ್ಮ ಮುಖ ನೋಡಿದರು. ಮಗಳು ಪೂರ್ತಿ ಪಾಠ ಒಪ್ಪಿಸಿದಳು. "ಓ, ಹಂಗಾ" ಅಂದರು. ಅವರು ತಂದ ನಾಯಿ, ಅವರ ಮನೆ, ಅವರೊಬ್ಬರಿಗೇ ಒಣದ್ರಾಕ್ಷಿ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಬೇರೆಯವರ ಮನೆಗೆ ಬಂದವರ ಹಾಗೆ, ಬಜ್ಜಿಯನ್ನು ಹುಷಾರಾಗಿ ತಟ್ಟೆಯ ಅಂಚಿಗೆ ಇಟ್ಟರು. ನನಗೆ ನಗು ಬಂತು. ಆಮೇಲೆ ನಗು ನಿಂತಿತು.

ಮಾರನೇ ದಿನ ಬೆಳಿಗ್ಗೆಯೇ ಹೊರಡಬೇಕಿತ್ತು. ಸಾಯಂಕಾಲ ಅತ್ತೆ ಮಗನ ಮುಖ ನೋಡಿ, "ಬಡವಾಗ್ಬುಟ್ಟಿದ್ದೀಯ ಕಣಪ್ಪ. ದಾರಿ ಉದ್ದಕ್ಕೂ ಎಷ್ಟು ಜನದ ಕಣ್ಣು ಬಿದ್ದೈತೋ. ಬಾ, ದೃಷ್ಟಿ ತೆಗೀತೀನಿ" ಅಂದರು. ದ್ರಾಕ್ಷಿಯಿಂದ ಪಾರಾದ ಸೇಟುಗೂ ಒಟ್ಟಿಗೇ ಆಗಿಹೋಗಲಿ ಅಂದರು.

ಅನ್ನಕ್ಕೆ ಅರಿಶಿನ ಸುಣ್ಣ ಕಲಸಿ ಕೆಂಪು ಮಾಡಿ, ಮೇಲೆ ಒಣಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ ಇಟ್ಟುಕೊಂಡು ಬಂದರು. ಹೊಸ್ತಿಲ ಹತ್ತಿರ ನಮ್ಮ ಮನೆಯವರನ್ನೂ ಸೇಟುವನ್ನೂ ಅಕ್ಕಪಕ್ಕ ಕೂರಿಸಿದರು. ಇಬ್ಬರೂ ಫೋಟೋ ಸ್ಟುಡಿಯೋದಲ್ಲಿ ಕೂತ ಹಾಗೆ ಕೂತಿದ್ದರು.

ಅತ್ತೆ ನಿವಾಳಿಸುತ್ತಾ ಶುರು ಮಾಡಿದರು: "ಬಂದೋರ ಕಣ್ಣು, ಹೋದೋರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು..." ಅಷ್ಟರಲ್ಲಿ ಸೇಟು ತಲೆ ಎತ್ತಿ ಅವರನ್ನೇ ನೋಡಿತು. ಅತ್ತೆಯ ಕೈ ಒಂದು ಗಳಿಗೆ ನಿಂತಿತು. "ನಮ್ಮ ನಾಯಿ ಬುಟ್ಟು ಬೇರೆ ನಾಯಿ ಕಣ್ಣು" ಅಂತ ತಿದ್ದಿ ಮುಂದುವರಿಸಿದರು.

ಆ ಅನ್ನವನ್ನು ಮೂರು ದಾರಿ ಕೂಡುವಲ್ಲಿ ಇಟ್ಟು ಬರಬೇಕು. ಬರುವಾಗ ತಿರುಗಿ ನೋಡಬಾರದು. ಬೀದಿ ನಾಯಿ ಯಾವುದಾದರೂ ತಿಂದರೆ ದೃಷ್ಟಿ ಅಲ್ಲಿಗೆ ಹೋಯಿತು ಅಂತ ಲೆಕ್ಕ. ಅತ್ತೆ ಶಾಸ್ತ್ರ ಬಿಡುವವರಲ್ಲ. ಹೋದರು, ಇಟ್ಟರು, ತಿರುಗಿ ನೋಡದೇ ಬಂದರು, ಕಾಲು ತೊಳೆದು ಒಳಗೆ ಅಡಿ ಇಟ್ಟರು. ತಿರುಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ಸೇಟು ಅವರ ಹಿಂದೆಯೇ ಹೋಗಿತ್ತು, ಅವರ ಹಿಂದೆಯೇ ಬಂತು. ಮೂತಿಯೆಲ್ಲಾ ಕೆಂಪು. ನಾಲಿಗೆ ಚಾಚಿ ಚಾಚಿ ನೆಕ್ಕಿಕೊಳ್ಳುತ್ತಿತ್ತು.

ಅತ್ತೆ ತಲೆ ಮೇಲೆ ಕೈ ಹೊತ್ತು ಕೂತರು. "ಅಯ್ಯೋ ನಿನ್ನ! ತೆಗೆದ ದೃಷ್ಟಿನೆಲ್ಲಾ ತಿಂದ್ಕಂಡು ವಾಪಸ್ ಮನೆಗೇ ತಂದ್ಯಲ್ಲೋ!"

"ಅಜ್ಜಿ, ಅಪ್ಪನ ದೃಷ್ಟಿ ಈಗ ಸೇಟು ಹೊಟ್ಟೇಲಿ ಐತಾ?" ಅಂತ ಮಗಳು.

ನಾನು ಡಾಕ್ಟರಮ್ಮನಿಗೆ ಫೋನು ಹಚ್ಚಿದೆ. ಅವರಿಗೂ ನನ್ನ ನಂಬರು ಕಂಡರೆ ಈಗ ಅಭ್ಯಾಸ. ನಮಸ್ಕಾರ ಇಲ್ಲ, ನೇರವಾಗಿ, "ಏನು ತಿಂತು?" ಅಂದರು.

"ದೃಷ್ಟಿ, ಮೇಡಂ."

"ಅದರಲ್ಲಿ ಏನೇನಿತ್ತು?"

"ನಮ್ಮ ಮನೆಯವ್ರ ಮೇಲೆ ಇದ್ದಿದ್ದೆಲ್ಲಾ ಇತ್ತು ಮೇಡಂ."

ಹಿಂದೆ ನಮ್ಮ ಮನೆಯವರು ಗೋಡೆ ಹಿಡಿದುಕೊಂಡು ನಗುತ್ತಿದ್ದರು. ಡಾಕ್ಟರಮ್ಮ ಮಾತ್ರ ಈರುಳ್ಳಿ ಎಷ್ಟಿತ್ತು, ಬೆಳ್ಳುಳ್ಳಿ ಎಷ್ಟಿತ್ತು, ಸುಣ್ಣ ಎಷ್ಟಿತ್ತು ಅಂತ ಕೇಳಿದರು. ಟಾರ್ಚ್ ಹಿಡಿದು ಮೂರು ದಾರಿ ಕೂಡುವಲ್ಲಿಗೆ ಓಡಿದೆವು. ಮೆಣಸಿನಕಾಯಿ ಅಲ್ಲೇ ಬಿದ್ದಿತ್ತು, ಈರುಳ್ಳಿ ಅರ್ಧಂಬರ್ಧ ಇತ್ತು, ಬೆಳ್ಳುಳ್ಳಿ ಕಾಣಲಿಲ್ಲ. ಬಾಯಿ ತೊಳೆಯಿರಿ, ಸುಣ್ಣಕ್ಕೆ ಬಾಯಿ ಬೆಂದಿದೆಯಾ ನೋಡಿ ಅಂದರು ಡಾಕ್ಟರಮ್ಮ. ಬೆಂದಿರಲಿಲ್ಲ. "ಹೆಚ್ಚು ತಿಂದಿಲ್ಲ ಅನ್ಸುತ್ತೆ. ಆದರೂ ಕಣ್ಣಿಟ್ಟಿರಿ. ಡಲ್ ಆದರೆ, ಊಟ ಬಿಟ್ಟರೆ, ವಸಡು ಬಿಳಿಚಿಕೊಂಡರೆ ತಕ್ಷಣ ಕರ್ಕೊಂಡು ಬನ್ನಿ" ಅಂದರು.

ನಗು ನಿಂತಿತು. ನಮ್ಮ ಮನೆಯವರು ಸೇಟು ಪಕ್ಕ ಕೂತು ತಲೆ ಸವರಿದರು. ಆಮೇಲೆ ಲಾರಿ ಮಾಲೀಕರಿಗೆ ಫೋನು ಮಾಡಿದರು. "ಅಣ್ಣ, ನಾಳೆ ಆಗಲ್ಲ. ಮನೇಲಿ ಒಬ್ಬರಿಗೆ ಹುಷಾರಿಲ್ಲ." ಯಾರಿಗೆ ಅಂತ ಆ ಕಡೆಯಿಂದ ಕೇಳಿರಬೇಕು. "ಮನೆಯವ್ರೇ ಅಣ್ಣ" ಅಂದರೇ ಹೊರತು ಬಾಲದ ವಿಷಯ ಹೇಳಲಿಲ್ಲ.

ಹೀಗೆ ನಮಗೆ ಒಂದು ದಿನ ಸಿಕ್ಕಿತು, ಅದರ ಹಿಂದೆ ಇನ್ನೊಂದು. ಅವರು ಮಗಳನ್ನು ಸ್ಕೂಲಿಗೆ ಬಿಟ್ಟು ಬಂದರು. ಅಟ್ಟ ಹತ್ತಿ ಕೊಬ್ಬರಿ ತಿರುವಿ ಹಾಕಿದರು. ಮಧ್ಯಾಹ್ನ ಜಗಲಿಯ ಮೇಲೆ ಸೇಟುವನ್ನು ಕಾಯುತ್ತಾ ಕೂತರು, ನಾನು ಅವರ ಪಕ್ಕ ಹುರುಳಿಕಾಳು ಆರಿಸುತ್ತಾ ಕೂತೆ. "ಮತ್ತೆ?" ಅಂದರು. ಹಾರ್ನ್ ಹೊಡೆಯುವವರು ಯಾರೂ ಇರಲಿಲ್ಲ. ಆದ್ದರಿಂದ "ಮತ್ತೇನು" ಅನ್ನಲಿಲ್ಲ, ಎಲ್ಲಾ ಹೇಳಿದೆ.

ಸೇಟುಗೆ ಏನೂ ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ತಟ್ಟೆ ನೆಕ್ಕಿ ಮುಗಿಸಿ, ಕೋಳಿಯನ್ನು ಅಟ್ಟಿಸಿಕೊಂಡು ಹೋಗಿ, ಬಾವಿ ಸುತ್ತ ಒಂದು ಸುತ್ತು ಹಾಕಿ ಬಂದು ನಮ್ಮ ಮನೆಯವರ ಎದೆ ಮೇಲೆ ಕಾಲಿಟ್ಟು ಕುಣಿಯಿತು. ಅಷ್ಟರಲ್ಲಿ ಮಾಲೀಕರ ಫೋನು ಎರಡು ಸಲ ಬಂದಿತ್ತು. ಇವರು ಬ್ಯಾಗು ಬಾಗಿಲಿಗೆ ತಂದಿಟ್ಟರು.

"ಅಪ್ಪ, ಸೇಟು ಇನ್ನೂ ಡಲ್ಲಾಗೇ ಐತೆ" ಅಂದಳು ಮಗಳು. ನಾಯಿಯ ತುಟಿ ಎತ್ತಿ, "ನೋಡು, ವಸಡು ಬೆಳ್ಳಗೆ" ಅಂದಳು. ವಸಡು ದಾಸವಾಳದ ಹಾಗಿತ್ತು.

"ಹೂಂ ಕಣಪ್ಪ, ಯಾಕೋ ಸಪ್ಪಗೈತೆ" ಅಂದರು ಅತ್ತೆ. ಸೇಟು ಆ ಹೊತ್ತಿಗೆ ಅತ್ತೆಯ ಸೆರಗು ಕಚ್ಚಿ ಹಗ್ಗದಾಟ ಆಡುತ್ತಿತ್ತು. ಅವರು ಸೆರಗು ಎಳೆದುಕೊಳ್ಳುತ್ತಲೇ, "ಶಕ್ತಿನೇ ಇಲ್ಲ, ಪಾಪ" ಅಂದರು.

ಇವರು ನಗುತ್ತಾ ಅವರಿಬ್ಬರನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಆಗ ನಗುತ್ತಿರಲಿಲ್ಲ.

"ಅವ್ರ ಮಾತು ಬುಡು. ನೀನು ಇದ್ದಿದ್ದು ಇದ್ದಂಗೆ ಹೇಳೋಳು. ನೀನು ಹೇಳು ಕಣೇ, ಹುಷಾರಾಗೈತೆ ತಾನೇ? ನಾನು ಹೊರಡ್ಲಾ?"